ವೆಬ್ ಪುಟದ ಟೇಬಲ್ ಎಕ್ಸೆಲ್‌ಗೆ ತಂದಾಗ ತಾರೀಖು ಅದಲುಬದಲಾಗೋದು ಯಾಕೆ?

ನಿಮ್ಮ ತೊಂದರೆ ಮೂರು. ಪುಟದ ಟೇಬಲ್ ಕಾಪಿ ಮಾಡಿ ಎಕ್ಸೆಲ್‌ಗೆ ಪೇಸ್ಟ್ ಮಾಡಿದರೆ ಎಲ್ಲಾ ಒಂದೇ ಕಾಲಂಗೆ ಬರುತ್ತದೆ, ಕೆಲವು ತಾರೀಖು ತಪ್ಪಾಗಿವೆ, ಮೊತ್ತ ಕೂಡಿಸಿದರೆ ಸೊನ್ನೆ ತೋರಿಸುತ್ತದೆ. ನಾನು ತಾರೀಖಿನಿಂದ ಶುರು ಮಾಡುತ್ತೇನೆ. ಉಳಿದ ಎರಡು ತಕ್ಷಣ ಕಣ್ಣಿಗೆ ಬೀಳುತ್ತವೆ, ಇದು ಬೀಳುವುದಿಲ್ಲ.

ಪುಟದಲ್ಲಿ 03/04/2023 ಅಂತ ಇದೆ ಅಂದುಕೊಳ್ಳಿ, ಅಂದರೆ ಏಪ್ರಿಲ್ 3. ನಿಮ್ಮ ಕಂಪ್ಯೂಟರ್ ಅಮೆರಿಕದ ಸೆಟ್ಟಿಂಗ್‌ನಲ್ಲಿದ್ದರೆ ಎಕ್ಸೆಲ್ ಅದನ್ನು ಮಾರ್ಚ್ 4 ಅಂತ ಓದುತ್ತದೆ. ಅದರ ಕೆಳಗಿನ ಸಾಲಿನಲ್ಲಿ 25/04/2023 ಇದ್ದರೆ? 25ನೇ ತಿಂಗಳು ಇಲ್ಲವಲ್ಲ, ಹಾಗಾಗಿ ಅದನ್ನು ಮುಟ್ಟದೆ ಬರೀ ಅಕ್ಷರವಾಗಿ ಬಿಡುತ್ತದೆ. ಕಾಲಂ ಸ್ವಲ್ಪ ಅಗಲ ಮಾಡಿ ನೋಡಿ. ಕೆಲವು ತಾರೀಖು ಬಲಕ್ಕೆ, ಕೆಲವು ಎಡಕ್ಕೆ ಅಂಟಿಕೊಂಡಿದ್ದರೆ ಇದೇ ಆಗಿದೆ ಅಂತ ತಿಳಿಯಿರಿ. ಬಲಕ್ಕಿರುವವೇ ಸರಿ ಅನ್ನಿಸುತ್ತದೆ, ಆದರೆ ಕೆಟ್ಟಿರುವುದು ಅವೇ. ನಾನು ಒಮ್ಮೆ ಇದನ್ನು ಗಮನಿಸದೆ ತಿಂಗಳುವಾರು ಲೆಕ್ಕ ತೆಗೆದು ಕೊಟ್ಟುಬಿಟ್ಟಿದ್ದೆ. ಒಟ್ಟು ಮೊತ್ತ ಸರಿಯಾಗೇ ಇತ್ತು, ತಿಂಗಳುಗಳು ಮಾತ್ರ ಕಲಸಿಹೋಗಿದ್ದವು. ಅಂದಿನಿಂದ ಈ ವಿಷಯದಲ್ಲಿ ನಾನು ತುಂಬಾ ಹುಷಾರು.

ಆಮೇಲೆ ಫಾರ್ಮ್ಯಾಟ್ ಬದಲಿಸಿದರೆ ಇದು ಸರಿಹೋಗುವುದಿಲ್ಲ. ಎಕ್ಸೆಲ್ ತಾರೀಖನ್ನು ಒಳಗೆ ಒಂದು ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ. 2023ರ ಮಾರ್ಚ್ 15 ಅಂದರೆ ಅದಕ್ಕೆ 45000. ತಪ್ಪಾಗಿ ಓದಿದ ಮೇಲೆ ಒಳಗಿರುವ ಸಂಖ್ಯೆಯೇ ಬೇರೆ. ಆದ್ದರಿಂದ ಈಗಿರುವ ಶೀಟನ್ನು ರಿಪೇರಿ ಮಾಡಲು ಕೂರಬೇಡಿ, ಟೇಬಲನ್ನು ಮತ್ತೊಮ್ಮೆ ತನ್ನಿ. ಈ ಸಲ ಯಾವ ಕಾಲಂ ಏನು ಅನ್ನುವುದನ್ನು ನೀವೇ ಮೊದಲು ಹೇಳಿ.

ಡೇಟಾ ಮೆನುವಿನಲ್ಲಿ ‘ಫ್ರಮ್ ವೆಬ್’ ಒತ್ತಿ ಪುಟದ ವಿಳಾಸ ಕೊಡಿ. ಟೇಬಲ್‌ಗಳ ಪಟ್ಟಿ ಬಂದಾಗ ನಿಮ್ಮದನ್ನು ಆರಿಸಿ, ‘ಲೋಡ್’ ಬೇಡ, ‘ಟ್ರಾನ್ಸ್‌ಫಾರ್ಮ್ ಡೇಟಾ’ ಒತ್ತಿ. ಬಲಗಡೆ ಹಂತಗಳ ಪಟ್ಟಿಯಲ್ಲಿ ‘ಚೇಂಜ್ಡ್ ಟೈಪ್’ ಅಂತ ಇದ್ದರೆ ಅದನ್ನು ಅಳಿಸಿ. ಅದು ಎಕ್ಸೆಲ್ ತಾನಾಗಿ ಸೇರಿಸಿದ ಊಹೆ. ಈಗ ತಾರೀಖಿನ ಕಾಲಂ ತಲೆಯ ಮೇಲೆ ರೈಟ್ ಕ್ಲಿಕ್ ಮಾಡಿ ‘ಚೇಂಜ್ ಟೈಪ್’, ಅದರೊಳಗೆ ‘ಯೂಸಿಂಗ್ ಲೊಕೇಲ್’ (ಲೊಕೇಲ್ ಅಂದರೆ ಯಾವ ದೇಶದ ಪದ್ಧತಿ ಅನ್ನುವುದು) ಆರಿಸಿ, ದಿನ ಮೊದಲು ಬರೆಯುವ ಯಾವುದಾದರೂ ದೇಶ ಕೊಡಿ. ಸೊನ್ನೆಯಿಂದ ಶುರುವಾಗುವ ಕೋಡ್‌ಗಳು, 15ಕ್ಕಿಂತ ಜಾಸ್ತಿ ಅಂಕಿಯ ನಂಬರ್‌ಗಳು, ‘3-4’ ಅಂತ ಬರೆದ ಸ್ಕೋರ್‌ಗಳು ಇದ್ದರೆ ಆ ಕಾಲಂಗಳನ್ನು ‘ಟೆಕ್ಸ್ಟ್’ ಮಾಡಿ. ಇಲ್ಲದಿದ್ದರೆ ಕೋಡ್‌ನ ಮೊದಲಿನ ಸೊನ್ನೆ ಹೋಗುತ್ತದೆ, 16ನೇ ಅಂಕಿ ಸೊನ್ನೆಯಾಗುತ್ತದೆ, ಸ್ಕೋರ್ ತಾರೀಖಾಗುತ್ತದೆ. ಇದು ನಿಮ್ಮೊಬ್ಬರ ಕಷ್ಟ ಅಲ್ಲ. ‘ಮಾರ್ಚ್1’ ಅನ್ನುವಂಥ ಜೀನ್ ಹೆಸರುಗಳು ಎಕ್ಸೆಲ್‌ನಲ್ಲಿ ತಾರೀಖಾಗಿಬಿಡುತ್ತಿದ್ದವು. ಕೊನೆಗೆ 2020ರಲ್ಲಿ ಜೀನ್‌ಗಳಿಗೆ ಹೆಸರಿಡುವ ಸಮಿತಿ ಆ ಹೆಸರುಗಳನ್ನೇ ಬದಲಿಸಬೇಕಾಯಿತು.

ಎಲ್ಲಾ ಒಂದೇ ಕಾಲಂಗೆ ಬರುವುದಕ್ಕೆ ಸಾಮಾನ್ಯ ಕಾರಣ, ಆ ಪುಟದಲ್ಲಿರುವುದು ನಿಜವಾದ ಟೇಬಲ್ ಅಲ್ಲದಿರುವುದು. ನೋಡಲು ಟೇಬಲ್ ಥರ ಜೋಡಿಸಿರುತ್ತಾರೆ ಅಷ್ಟೇ. ಆಗ ‘ಫ್ರಮ್ ವೆಬ್’ ಪಟ್ಟಿಯಲ್ಲೂ ಅದು ಸಿಗದೇ ಇರಬಹುದು. ಅಂಥ ಕಡೆ ನಾನು ಮೊದಲು ಖಾಲಿ ಕಾಲಂ ಒಂದನ್ನು ‘ಟೆಕ್ಸ್ಟ್’ ಮಾಡಿ, ಪೇಸ್ಟ್ ಸ್ಪೆಷಲ್‌ನಲ್ಲಿ ಬರೀ ಟೆಕ್ಸ್ಟ್ ಆಗಿ ಅಂಟಿಸುತ್ತೇನೆ. ಆಮೇಲೆ ಒಂದೇ ಕಾಲಂ ಅನ್ನು ಸಾಲುಗಳಾಗಿ ಮುರಿಯುವ ‘ವ್ರ್ಯಾಪ್‌ರೋಸ್’ ಫಾರ್ಮುಲಾ ಕೊಟ್ಟು, ಒಂದು ಸಾಲಿಗೆ ಎಷ್ಟು ಕಾಲಂ ಅನ್ನುವುದನ್ನು ಹೇಳುತ್ತೇನೆ. ಹೊಸ ಎಕ್ಸೆಲ್‌ನಲ್ಲೂ ಗೂಗಲ್ ಶೀಟ್ಸ್‌ನಲ್ಲೂ ಇದಿದೆ. ಪುಟದಲ್ಲಿ ಎಲ್ಲಾದರೂ ಒಂದು ಜಾಗ ಖಾಲಿ ಇದ್ದರೆ ಅಲ್ಲಿಂದ ಮುಂದಿನ ಸಾಲುಗಳೆಲ್ಲ ಒಂದು ಮನೆ ಸರಿದುಬಿಡುತ್ತವೆ. ಹಾಗಾಗಿ ಕೊನೆಯ ಸಾಲು ಸರಿ ಇದೆಯಾ ಅಂತ ನೋಡಲೇಬೇಕು.

ಇನ್ನು ಮೊತ್ತ ಸೊನ್ನೆ ಬರುವುದು. ವೆಬ್ ಪುಟದ ಅಂಕಿಗಳ ಹಿಂದೆ ಮುಂದೆ ಅನೇಕ ಸಲ ಒಂಥರಾ ಖಾಲಿ ಜಾಗ ಅಂಟಿಕೊಂಡಿರುತ್ತದೆ. ನೋಡಲು ಮಾಮೂಲಿ ಸ್ಪೇಸ್, ಆದರೆ ಅದರ ಕೋಡ್ 160. ಮಾಮೂಲಿ ಸ್ಪೇಸ್ ಕೋಡ್ 32. ‘ಟ್ರಿಮ್’ ಫಾರ್ಮುಲಾ 32 ಅನ್ನು ತೆಗೆಯುತ್ತದೆ, 160 ಅನ್ನು ಮುಟ್ಟುವುದಿಲ್ಲ. ‘ಫೈಂಡ್ ಅಂಡ್ ರಿಪ್ಲೇಸ್’ ತೆರೆದು, ಹುಡುಕುವ ಜಾಗದಲ್ಲಿ ಆಲ್ಟ್ ಒತ್ತಿಹಿಡಿದು ನಂಬರ್ ಪ್ಯಾಡ್‌ನಲ್ಲಿ 0160 ಟೈಪ್ ಮಾಡಿ, ಬದಲಿ ಜಾಗ ಖಾಲಿ ಬಿಡಿ. ಅಂಕಿಗಳು ಬಲಕ್ಕೆ ಸರಿದವು ಅಂದರೆ ಸಂಖ್ಯೆಯಾದವು ಅಂತ ಲೆಕ್ಕ.

ಗೂಗಲ್ ಶೀಟ್ಸ್ ಬಳಸುವವರಾದರೆ ಪುಟದ ಟೇಬಲನ್ನು ನೇರವಾಗಿ ಶೀಟ್‌ಗೆ ತರುವ ‘ಇಂಪೋರ್ಟ್‌ಎಚ್‌ಟಿಎಂಎಲ್’ ಫಾರ್ಮುಲಾ ಇದೆ, ಅಲ್ವಾ? ಅದನ್ನು ಹಾಕುವ ಮೊದಲು ಫೈಲ್ ಮೆನುವಿನ ಸೆಟ್ಟಿಂಗ್ಸ್‌ನಲ್ಲಿ ಲೊಕೇಲ್ ಸರಿ ಮಾಡಿಕೊಳ್ಳಿ. ಫಾರ್ಮುಲಾ ಖಾಲಿ ಬಂದರೆ ಪುಟದ ಸೋರ್ಸ್ (ಪುಟದ ಹಿಂದಿರುವ ಕೋಡ್) ತೆರೆದು, ನಿಮ್ಮ ಟೇಬಲ್‌ನಲ್ಲಿರುವ ಯಾವುದಾದರೂ ಒಂದು ಅಂಕಿಯನ್ನು ಹುಡುಕಿ. ಅಲ್ಲಿ ಅದು ಸಿಗದಿದ್ದರೆ ಟೇಬಲ್ ಜಾವಾಸ್ಕ್ರಿಪ್ಟ್‌ನಿಂದ (ಬ್ರೌಸರ್‌ನಲ್ಲಿ ಓಡುವ ಪ್ರೋಗ್ರಾಂನಿಂದ) ಆಮೇಲೆ ತುಂಬಿಕೊಳ್ಳುತ್ತಿದೆ. ಶೀಟ್ಸ್‌ಗೆ ಅದು ಕಾಣುವುದಿಲ್ಲ, ಎಷ್ಟು ಸಲ ಪ್ರಯತ್ನಿಸಿದರೂ ಅಷ್ಟೇ. ಆ ಪುಟದಲ್ಲಿ ಸಿಎಸ್‌ವಿ (ಕಾಲಂಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಟೆಕ್ಸ್ಟ್ ಫೈಲ್) ಡೌನ್‌ಲೋಡ್ ಬಟನ್ ಇದೆಯಾ ನೋಡಿ. ಇದ್ದರೆ ಆ ಫೈಲನ್ನೂ ಡಬಲ್ ಕ್ಲಿಕ್ ಮಾಡಿ ತೆರೆಯಬೇಡಿ. ಎಕ್ಸೆಲ್‌ನ ಡೇಟಾ ಮೆನುವಿನಿಂದಲೇ ತನ್ನಿ, ಇಲ್ಲದಿದ್ದರೆ ತಾರೀಖು ಮತ್ತೆ ಹಾಗೇ ಕೆಡುತ್ತದೆ.