ಹಂದಿಮರಿಗಳಿಗೆ ಖನಿಜ, ಕೊಬ್ಬು ಬೇರೆಯಾಗಿ ಕೊಡಬೇಕಾ?

ಖನಿಜ ಬೇಕೇ ಬೇಕು. ಕೊಬ್ಬಿಗೆ ಮಾತ್ರ ಸ್ವಲ್ಪ ಕಾಯಬೇಕು.

ಮೊದಲು ಕಬ್ಬಿಣ. ಹುಟ್ಟುವಾಗ ಮರಿಯ ಮೈಯಲ್ಲಿ ಸುಮಾರು 50 ಮಿಲಿಗ್ರಾಂ ಕಬ್ಬಿಣ ಇರುತ್ತದೆ, ಅಷ್ಟೇ. ದಿನಕ್ಕೆ ಬೇಕಾಗುವುದು 7ರಿಂದ 10 ಮಿಲಿಗ್ರಾಂ. ತಾಯಿಹಾಲಿನಿಂದ ಸಿಗುವುದು ಹೆಚ್ಚುಕಡಿಮೆ 1 ಮಿಲಿಗ್ರಾಂ. ಒಂದು ವಾರಕ್ಕೆಲ್ಲ ದಾಸ್ತಾನು ಖಾಲಿ, ಅಲ್ವಾ? ಮಣ್ಣು ಕೆದಕುವ ಮರಿಗೆ ಅಲ್ಲಿಂದ ಒಂದಿಷ್ಟು ಸಿಗುತ್ತದೆ. ಸಿಮೆಂಟ್ ನೆಲದ ಮರಿಗೆ ಅದೂ ಇಲ್ಲ. ಅದು ಬಿಳಿಚಿಕೊಂಡು, ಏದುಸಿರು ಬಿಡುತ್ತಾ ಸೊರಗುತ್ತದೆ. ಅದಕ್ಕೇ ಹುಟ್ಟಿದ ಮೂರ್ನಾಲ್ಕು ದಿನದಲ್ಲಿ 200 ಮಿಲಿಗ್ರಾಂ ಕಬ್ಬಿಣವನ್ನು ಐರನ್ ಡೆಕ್ಸ್‌ಟ್ರಾನ್ ಎಂಬ ಔಷಧದ ಇಂಜೆಕ್ಷನ್ ಮೂಲಕ ಕೊಡುತ್ತಾರೆ. ತಾಯಿಗೆ ಜಾಸ್ತಿ ಕಬ್ಬಿಣ ತಿನ್ನಿಸಿದರೂ ಅದು ಹಾಲಿಗೆ ಅಷ್ಟಾಗಿ ಇಳಿಯುವುದಿಲ್ಲ. ಆ ದಾರಿ ಬಿಡಿ.

ಕ್ಯಾಲ್ಸಿಯಂ, ರಂಜಕ ಎರಡೂ ಮೂಳೆಗೆ ಬೇಕು. ಆದರೆ ಸುಣ್ಣಕಲ್ಲಿನ ಪುಡಿಯನ್ನು ಸುಮ್ನೆ ಸುರಿಯಬೇಡಿ. ಅದು ಹೊಟ್ಟೆಯ ಆಮ್ಲವನ್ನು ಕುಗ್ಗಿಸುತ್ತದೆ, ಸತು (ಜಿಂಕ್) ಮೈಗೆ ಹತ್ತದಂತೆಯೂ ಮಾಡುತ್ತದೆ. ಸತು ಸಾಲದಿದ್ದರೆ ಚರ್ಮ ಹುರುಪೆಗಟ್ಟುತ್ತದೆ. ಹಾಲು ಬಿಡಿಸಿದಾಗ ಬರುವ ಭೇದಿಗೆ ಜಿಂಕ್ ಆಕ್ಸೈಡನ್ನು ಭಾರೀ ಪ್ರಮಾಣದಲ್ಲಿ ಕೊಡುವ ರೂಢಿಯಿತ್ತು. ಪರಿಸರಕ್ಕೆ ಹಾನಿ ಎಂದು ಯುರೋಪಿಯನ್ ಒಕ್ಕೂಟ 2022ರಲ್ಲಿ ಅದನ್ನು ನಿಲ್ಲಿಸಿತು.

ಇನ್ನು ಕೊಬ್ಬು. ತಾಯಿಹಾಲಿನ ಕೊಬ್ಬು ಸಣ್ಣ ಸಣ್ಣ ಹನಿಗಳಾಗಿರುತ್ತದೆ, ಮರಿಗೆ ಸಲೀಸಾಗಿ ಅರಗುತ್ತದೆ. ಹಾಲು ಬಿಡಿಸಿದ ಮೊದಲ ಎರಡು ವಾರ ಆಹಾರದ ಕೊಬ್ಬು, ಅದರಲ್ಲೂ ಪ್ರಾಣಿಗಳ ಕೊಬ್ಬು, ಅಷ್ಟು ಚೆನ್ನಾಗಿ ಅರಗುವುದಿಲ್ಲ. ಆಗ ತೆಂಗಿನೆಣ್ಣೆಯೋ ಸೋಯಾ ಎಣ್ಣೆಯೋ ಮೇಲು. ಆಮೇಲೆ ನಿಧಾನವಾಗಿ ಹೆಚ್ಚಿಸಬಹುದು. ಕಮಟು ವಾಸನೆಯ ಎಣ್ಣೆ ಮಾತ್ರ ಯಾವತ್ತೂ ಬೇಡ. ಅದು ಆಹಾರದಲ್ಲಿರುವ ವಿಟಮಿನ್ ಇ ಅನ್ನೂ ಹಾಳು ಮಾಡುತ್ತದೆ.