ಹಾಡು ಬರುತ್ತದೆ, ಮಾತು ಬರುವುದಿಲ್ಲ

ಓದುಗರ ಪತ್ರ: ತಂದೆಯವರಿಗೆ ಪಾರ್ಶ್ವವಾಯು ಆಗಿ ಮೂರು ತಿಂಗಳಾಯಿತು. ಬಲಗೈ, ಬಲಗಾಲು ಸೋತಿವೆ. ನಾವು ಹೇಳಿದ್ದು ಅರ್ಥವಾಗುತ್ತದೆ, ಆದರೆ ಒಂದೆರಡು ಪದ ಹೊರಡುವುದೇ ಕಷ್ಟ. ಹಳೆಯ ಹಾಡುಗಳನ್ನು ಮಾತ್ರ ಪದ ತಪ್ಪದೆ ಹಾಡುತ್ತಾರೆ! ಇಡೀ ದಿನ ಹಾಡು ಹಾಕಿಟ್ಟರೆ ಮಾತು ಮರಳೀತೇ?

ಉತ್ತರ: ಬರೀ ಕೇಳಿಸಿದರೆ ಮರಳುವುದಿಲ್ಲ. ಬಾಯಿಪಾಠವಾದ ಹಾಡು ಸಾಲಿನ ಹಿಂದೆ ಸಾಲಾಗಿ ತಾನೇ ಬರುತ್ತದೆ, ಅದಕ್ಕೆ ಮಿದುಳಿನ ಬಲಭಾಗದ ಆಸರೆಯೂ ಇದೆ. ‘ನೀರು ಬೇಕು’ ಎನ್ನಲು ಪದ ಹುಡುಕಿ ಜೋಡಿಸಬೇಕು. ಆ ಕೆಲಸ ಮಾಡುವ ಎಡಭಾಗಕ್ಕೇ ಪೆಟ್ಟು ಬಿದ್ದಿದೆ. ಆದ್ದರಿಂದ ನಿತ್ಯದ ಮಾತನ್ನೇ ರಾಗಕ್ಕೆ ಕೂರಿಸಬೇಕು. ಬಾಸ್ಟನ್‌ನ ತಜ್ಞರು 1973ರಲ್ಲಿ ಪ್ರಕಟಿಸಿದ ಮೆಲೋಡಿಕ್ ಇಂಟೊನೇಷನ್ ಥೆರಪಿಯ ತಿರುಳು ಇದೇ. ಹೇಳಿದ್ದು ಅರ್ಥವಾಗಿಯೂ ಮಾತು ಹೊರಡದವರಿಗೆ ಇದು ಹೊಂದುತ್ತದೆ. ಸ್ಪೀಚ್ ಥೆರಪಿಸ್ಟ್ ಒಮ್ಮೆ ನೋಡಿ ಒಪ್ಪಿದ ಮೇಲೆ ಶುರುಮಾಡಿ.

ಎದುರಿಗೆ ಕುಳಿತು ತಂದೆಯವರ ಎಡಗೈ ಹಿಡಿದು ಮೇಜಿನ ಮೇಲೆ ಅಕ್ಷರಕ್ಕೊಂದು ತಟ್ಟು ಹಾಕಿಸಿ: ನೀ-ರು-ಬೇ-ಕು. ಸೆಕೆಂಡಿಗೆ ಒಂದು ಅಕ್ಷರ ಸಾಕು. ‘ನೀ’, ‘ಬೇ’ ಮೇಲಿನ ಸ್ವರದಲ್ಲಿ, ‘ರು’, ‘ಕು’ ಕೆಳಗಿನದರಲ್ಲಿ. ಎರಡೇ ಸ್ವರ. ಮೊದಲು ಗುನುಗಿ, ಆಮೇಲೆ ಇಬ್ಬರೂ ಕೂಡಿ ಹಾಡಿ. ಮುಂದಿನ ಸಲ ನಡುವೆ ನೀವು ನಿಲ್ಲಿಸಿ, ಅವರು ಮುಗಿಸಲಿ. ಆಮೇಲೆ ನೀವು ಹಾಡಿದ್ದನ್ನು ಅವರೊಬ್ಬರೇ ಹಾಡಲಿ. ಕೊನೆಗೆ ‘ಏನು ಬೇಕು?’ ಎಂದು ಕೇಳಿ, 5-6 ಸೆಕೆಂಡು ಸುಮ್ಮನೆ ಕಾಯಿರಿ. ತಡವರಿಸಿದರೆ ತಿದ್ದದೆ ಒಂದು ಹಂತ ಹಿಂದಕ್ಕೆ ಬನ್ನಿ. ಚೆನ್ನಾಗಿ ಬರತೊಡಗಿದ ಮೇಲೆ ರಾಗವನ್ನು ಸಡಿಲಿಸುತ್ತಾ ಮಾಮೂಲಿ ಮಾತಿಗೆ ತನ್ನಿ. ರಾಗ ಕಳಚದಿದ್ದರೆ ಆ ವಾಕ್ಯ ಅಭ್ಯಾಸದ ಹೊತ್ತಿಗಷ್ಟೇ ಉಳಿಯುತ್ತದೆ.

ಮನೆಯಲ್ಲಿ ಹೆಚ್ಚಾಗಿ ಕೆಡುವುದು ಒಂದೇ ಕಡೆ: ಪ್ರೀತಿಯಿಂದ ಮನೆಯವರು ಕೊನೆಯವರೆಗೂ ಜೊತೆಗೆ ಹಾಡುತ್ತಾರೆ. ಆಗ ರೋಗಿ ನಿಮ್ಮ ತುಟಿ ನೋಡಿಕೊಂಡು ಹಿಂಬಾಲಿಸುತ್ತಾರೆ, ತಾವಾಗಿ ಪದ ಹುಡುಕುವುದಿಲ್ಲ. ಒಮ್ಮೆಗೆ ಮೂರ್ನಾಲ್ಕು ವಾಕ್ಯ ಸಾಕು. ಟಿವಿ ಆರಿಸಿ. ಮುಖ ಬಾಡಿದರೆ ನಿಲ್ಲಿಸಿಬಿಡಿ, ಪಾರ್ಶ್ವವಾಯುವಿನ ನಂತರದ ದಣಿವು ಸಾಮಾನ್ಯ ಆಯಾಸದಂಥದ್ದಲ್ಲ.

ಹಾಗೆಂದು ಕೇಳುವುದು ವ್ಯರ್ಥವೇನಲ್ಲ. ಹೆಲ್ಸಿಂಕಿಯಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎರಡು ತಿಂಗಳು ದಿನಕ್ಕೆ ಕನಿಷ್ಠ ಒಂದು ಗಂಟೆ ಮೆಚ್ಚಿನ ಸಂಗೀತ ಕೇಳಿದ ಪಾರ್ಶ್ವವಾಯು ರೋಗಿಗಳ ಪದಸ್ಮರಣೆ ಮತ್ತು ಗಮನ ಉಳಿದವರಿಗಿಂತ ಚೆನ್ನಾಗಿ ಸುಧಾರಿಸಿತು. ಹಾಡು ಅವರೇ ಆರಿಸಲಿ. ದಿನವಿಡೀ ಹಾಕಿಟ್ಟರೆ ಅದು ಬರೀ ಸದ್ದು.

ಸೋತ ಕಾಲಿನ ನಡಿಗೆಗೆ ಮೆಟ್ರೊನೋಮ್, ಅಂದರೆ ಒಂದೇ ಗತಿಯಲ್ಲಿ ಟಕ್ ಟಕ್ ಎಂದು ತಾಳ ಹಾಕುವ ಸಾಧನ, ಇದೆ. ಈಗ ನಿಮಿಷಕ್ಕೆ 60 ಹೆಜ್ಜೆ ಇಡುತ್ತಿದ್ದರೆ ಅದನ್ನು 60ಕ್ಕೇ ಇಟ್ಟು ನಡೆಸಿ. ಹೆಜ್ಜೆ ತಾಳಕ್ಕೆ ಸರಿಯಾಗಿ ಬೀಳತೊಡಗಿದ ಮೇಲೆ 63. ಮೊದಲೇ ವೇಗ ಏರಿಸಿದರೆ ಸೋತ ಕಾಲು ಎಳೆದು ಮುಗ್ಗರಿಸುತ್ತಾರೆ, ಹಾಗಾಗಿ ಫಿಸಿಯೋಥೆರಪಿಸ್ಟ್ ಪಕ್ಕದಲ್ಲಿದ್ದಾಗ ಮಾತ್ರ ಈ ನಡಿಗೆ ಮಾಡಿಸಿ.