ನಿಯಮ ಬೇಕು, ತೀರ್ಪುಗಾರ ಬೇಡ

ಪ್ರಿಯ ಓದುಗರೇ,

2021ರ ಏಪ್ರಿಲ್‌ನಲ್ಲಿ ಅಮೆರಿಕದ ಯುದ್ಧನೌಕೆಯೊಂದು ಲಕ್ಷದ್ವೀಪದ ಪಶ್ಚಿಮಕ್ಕೆ ಸುಮಾರು 130 ನಾಟಿಕಲ್ ಮೈಲಿ ದೂರದಲ್ಲಿ, ನಮ್ಮ ವಿಶೇಷ ಆರ್ಥಿಕ ವಲಯದೊಳಗೆ (ಕರಾವಳಿ ದೇಶಕ್ಕೆ ಮೀನು, ಖನಿಜಗಳ ಹಕ್ಕಿರುವ ಕಡಲಪಟ್ಟಿ), ಅನುಮತಿ ಕೇಳದೆ ಸಾಗಿದ್ದನ್ನೂ ಅದನ್ನು ಅವರ ನೌಕಾಪಡೆಯೇ ಪ್ರಕಟಣೆ ಹೊರಡಿಸಿ ಸಾರಿದ್ದನ್ನೂ ನೆನಪಿಸಿದ್ದೀರಿ. ಕಡಲ ಕಾನೂನು ಒಪ್ಪಂದವನ್ನೇ ಒಪ್ಪದ ದೇಶ ಅದೇ ಕಾನೂನಿನ ಮಾತಾಡುವುದಾದರೆ ಅಂತರರಾಷ್ಟ್ರೀಯ ನಿಯಮಗಳಿರುವುದು ದುರ್ಬಲರಿಗೆ ಮಾತ್ರವೇ ಎಂದು ಕೇಳಿದ್ದೀರಿ. ನಿಮ್ಮ ಸಿಟ್ಟು ಸಹಜ. ಆದರೆ ಬಲಿಷ್ಠ ದೇಶಗಳು ನಿಯಮವನ್ನು ಲೆಕ್ಕಕ್ಕೇ ಇಡುವುದಿಲ್ಲ ಎಂಬ ನಿಮ್ಮ ತೀರ್ಮಾನವನ್ನು ನಾನು ಒಪ್ಪಲಾರೆ.

1982ರ ಈ ಕಡಲ ಕಾನೂನು ಒಪ್ಪಂದವನ್ನು ಅಮೆರಿಕದ ಅಧ್ಯಕ್ಷ ರೇಗನ್ ಅವರ ಸರ್ಕಾರ ತಿರಸ್ಕರಿಸಿದ್ದು ಮುಖ್ಯವಾಗಿ ಆಳಸಮುದ್ರದ ತಳದ ಗಣಿಗಾರಿಕೆಯ ಷರತ್ತುಗಳಿಗಾಗಿ. ಆದರೆ ಮರುವರ್ಷದ ಮಾರ್ಚ್‌ನಲ್ಲೇ ಅದೇ ರೇಗನ್ 200 ನಾಟಿಕಲ್ ಮೈಲಿಯ ಆರ್ಥಿಕ ವಲಯವನ್ನು ಘೋಷಿಸಿದರು; ಸಂಚಾರಕ್ಕೆ ಸಂಬಂಧಿಸಿದ ನಿಯಮಗಳನ್ನು ಪಾಲಿಸುವುದಾಗಿಯೂ ಹೇಳಿದರು. ಇದು ಔದಾರ್ಯವಲ್ಲ. ಲ್ಯಾಟಿನ್ ಅಮೆರಿಕದ ಕೆಲವು ದೇಶಗಳು ಆ ಹೊತ್ತಿಗಾಗಲೇ 200 ಮೈಲಿಯವರೆಗಿನ ನೀರೆಲ್ಲ ತಮ್ಮದೇ ಎನ್ನುತ್ತಿದ್ದವು. ಆ ವಾದ ಎಲ್ಲೆಡೆ ಹಬ್ಬಿದ್ದರೆ ಮೊದಲು ಕಟ್ಟಿಹೋಗುತ್ತಿದ್ದುದು ಜಲಸಂಧಿಗಳನ್ನು ದಾಟಿಯೇ ಬದುಕಬೇಕಾದ ಅಮೆರಿಕದ ನೌಕಾಪಡೆಯ ದಾರಿ. ದಿನವೂ ತನಗೆ ಬೇಕಾಗುವ ನಿಯಮವನ್ನು ಪ್ರಬಲ ದೇಶ ಸುಲಭಕ್ಕೆ ಮುರಿಯುವುದಿಲ್ಲ.

ಚೀನಾದ ಕಥೆ ಇನ್ನೂ ಸ್ವಾರಸ್ಯದ್ದು. 2015ರ ಸೆಪ್ಟೆಂಬರ್‌ನಲ್ಲಿ ಅದರ ಐದು ನೌಕೆಗಳು ಅಲಾಸ್ಕಾದ ಅಲ್ಯೂಶಿಯನ್ ದ್ವೀಪಗಳ 12 ಮೈಲಿಯೊಳಗೆ, ಅಂದರೆ ಅಮೆರಿಕದ್ದೇ ಪ್ರಾದೇಶಿಕ ಜಲದಲ್ಲಿ, ಹಾದುಹೋದವು. ಅದು ಕಾನೂನಿನ ಪ್ರಕಾರವೇ ಇದೆ ಎಂದು ಅಮೆರಿಕದವರು ಸುಮ್ಮನಾದರು. ತನ್ನ ಕರಾವಳಿಯಲ್ಲಿ ಹೀಗೆ ಹಾಯುವ ಪರದೇಶದ ಯುದ್ಧನೌಕೆಗಳು ಮುಂಚಿತವಾಗಿ ಅನುಮತಿ ಪಡೆಯಬೇಕು ಎನ್ನುವುದೂ ಇದೇ ಚೀನಾ. (ಆರ್ಥಿಕ ವಲಯದಲ್ಲಿ ಪರರ ಸೇನಾ ಕಸರತ್ತು ಕೂಡದೆಂಬ ವಿಷಯದಲ್ಲಿ ದೆಹಲಿ ಮತ್ತು ಬೀಜಿಂಗ್‌ಗಳ ವಾದ ಹತ್ತಿರ ಹತ್ತಿರ ಒಂದೇ ಎಂಬುದು ನಮ್ಮಲ್ಲಿ ಯಾರೂ ಹೆಚ್ಚು ಆಡದ ಮಾತು.) ದಕ್ಷಿಣ ಚೀನಾ ಸಮುದ್ರದ ಮೇಲೆ ಅದು ಸಾಧಿಸುತ್ತಿದ್ದ ಚಾರಿತ್ರಿಕ ಹಕ್ಕಿಗೆ ಕಾನೂನಿನ ಆಧಾರವಿಲ್ಲವೆಂದು ಫಿಲಿಪ್ಪೀನ್ಸ್ ಹೂಡಿದ ದಾವೆಯಲ್ಲಿ ನ್ಯಾಯಮಂಡಳಿ 2016ರ ಜುಲೈ 12ರಂದು ತೀರ್ಪಿತ್ತಾಗ ಚೀನಾ ಅದನ್ನು ಸಾರಾಸಗಟಾಗಿ ತಳ್ಳಿಹಾಕಿತು. ಆದರೂ ಆ ವರ್ಷದ ಅಕ್ಟೋಬರ್ ಕೊನೆಗೆ, ಆಗ ತಾನೇ ಬೀಜಿಂಗ್‌ಗೆ ಹೋಗಿಬಂದಿದ್ದ ಫಿಲಿಪ್ಪೀನ್ಸ್ ಅಧ್ಯಕ್ಷ ಡುಟರ್ಟೆಯವರ ಮುಖ ನೋಡಿಯೋ ಏನೋ, ಅದೇ ಸಮುದ್ರದ ಸ್ಕಾರ್ಬರೊ ದಿಬ್ಬದ ಸುತ್ತ ಫಿಲಿಪ್ಪೀನ್ಸ್ ಮೀನುಗಾರರು ಮತ್ತೆ ಬಲೆ ಬೀಸಲು ಬಿಟ್ಟಿತು. ತೀರ್ಪು ಕೇಳಿದ್ದರಲ್ಲಿ ಅದೂ ಒಂದು. ಒಪ್ಪಿದೆ ಎಂದು ಮಾತ್ರ ಹೇಳಲಿಲ್ಲ. ಮುಂದೆ ಸಂಬಂಧ ಕೆಟ್ಟಾಗ ಮತ್ತೆ ತಡೆಯಿತು.

ನನಗೆ ಕಾಣುವಂತೆ, ದೊಡ್ಡ ದೇಶಗಳಿಗೆ ನುಂಗಲಾರದ ತುತ್ತಾಗುವುದು ನಿಯಮಕ್ಕಿಂತ ಹೆಚ್ಚಾಗಿ ಅದರ ಅರ್ಥವನ್ನು ಮೂರನೆಯವರು ಹೇಳುವುದು. ತನ್ನ ಬಂದರುಗಳಲ್ಲಿ ಅಮೆರಿಕ ಸಿಡಿಗುಂಡು ಹುದುಗಿಸಿತೆಂದು ಮಧ್ಯ ಅಮೆರಿಕದ ನಿಕರಾಗುವಾ ಹೂಡಿದ ಪ್ರಕರಣದಲ್ಲಿ ಅಮೆರಿಕ ಬಲಪ್ರಯೋಗದ ನಿಷೇಧವೇ ಸುಳ್ಳೆಂದು ವಾದಿಸಲಿಲ್ಲ. ತನ್ನದು ಆತ್ಮರಕ್ಷಣೆ ಎಂದಿತು. ವಿಚಾರಣೆ ನಡೆಸುವ ಅಧಿಕಾರ ತನಗಿದೆಯೆಂದು ಅಂತರರಾಷ್ಟ್ರೀಯ ನ್ಯಾಯಾಲಯ ಹೇಳಿದ ಮೇಲೆ ಕಲಾಪದಿಂದ ಎದ್ದುಹೋಯಿತು. 1986ರ ತೀರ್ಪು ಜಾರಿಯಾಗಬೇಕೆಂಬ ನಿರ್ಣಯ ಭದ್ರತಾ ಮಂಡಳಿಗೆ ಬಂದಾಗ ವಿಟೊ ಹಾಕಿತು.

ಭಾರತ ಹಾಗಲ್ಲ ಎಂದು ಬರೆದಿದ್ದೀರಿ. ಬಂಗಾಳ ಕೊಲ್ಲಿಯ ಮಟ್ಟಿಗೆ ನಿಜ: 2014ರಲ್ಲಿ ನ್ಯಾಯಮಂಡಳಿ 25,602 ಚದರ ಕಿಲೋಮೀಟರ್ ವಿವಾದಿತ ಕಡಲಿನಲ್ಲಿ 19,467 ಚದರ ಕಿಲೋಮೀಟರನ್ನು ಬಾಂಗ್ಲಾದೇಶಕ್ಕೆ ಕೊಟ್ಟಾಗ ನಾವು ತಕರಾರಿಲ್ಲದೆ ಒಪ್ಪಿದೆವು. ಆದರೆ 1999ರಲ್ಲಿ ಕಚ್ ಗಡಿಯಲ್ಲಿ ನಮ್ಮ ವಾಯುಪಡೆ ಪಾಕಿಸ್ತಾನದ ನೌಕಾ ವಿಮಾನವನ್ನು ಹೊಡೆದುರುಳಿಸಿದ ಪ್ರಕರಣ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋದಾಗ, ಕಾಮನ್‌ವೆಲ್ತ್ ದೇಶಗಳ ವ್ಯಾಜ್ಯಗಳಿಗೆ ಈ ನ್ಯಾಯಾಲಯವನ್ನು ನಾವು ಒಪ್ಪಿಲ್ಲವೆಂಬ ಭಾರತದ ಆಕ್ಷೇಪವೇ ಗೆದ್ದು, ಮೊಕದ್ದಮೆ ವಿಚಾರಣೆಗೇ ಬರಲಿಲ್ಲ. 2017ರಲ್ಲಿ, ಪಾಕಿಸ್ತಾನದಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಕುಲಭೂಷಣ್ ಜಾಧವ್ ಅವರಿಗಾಗಿ ಅದೇ ನ್ಯಾಯಾಲಯದ ಬಾಗಿಲು ತಟ್ಟಿದವರೂ ನಾವೇ. ಆಗ ತನಗೆ ವಿಚಾರಣೆಯ ಅಧಿಕಾರವಿದೆಯೆಂದು ನ್ಯಾಯಾಲಯ ಹೇಳಿತು, ನಾವು ಸಂತೋಷಪಟ್ಟೆವು.

— ಸಂಪಾದಕ